ಮರದ ಮರುತ್

ನಮ್ಮ ನುಡಿಯಲ್ಲಿ ‘ಮಾದರಿ’ ಎಂಬ ಮಾತಿಗೆ ವಿಚಿತ್ರವಾದ ಒಂದು ಇಬ್ಬಗೆಯಿದೆ. ಯಾವುದನ್ನು ನೋಡಿ ಉಳಿದವರು ನಡೆಯಬೇಕೋ ಅದು ಮಾದರಿ. ಯಾವುದನ್ನೋ ನೋಡಿ ಅದರಂತೆ ಮಾಡಿದುದೂ ಮಾದರಿಯೇ. ಮಾದರಿ ಶಾಲೆ ಎಂದರೆ ಇತರ ಶಾಲೆಗಳು ಅದರ ಹಿಂದೆ ಬರತಕ್ಕವು. ವಸ್ತುಪ್ರದರ್ಶನದಲ್ಲಿ ಹುಡುಗರು ರಟ್ಟಿನಿಂದ ಮಾಡಿಟ್ಟ ಕನ್ನಂಬಾಡಿ ಕಟ್ಟೆಯ ಮಾದರಿ ಎಂದರೆ ಅದು ಕನ್ನಂಬಾಡಿಯ ಹಿಂದೆ ಬಂದದ್ದು. ಮುಂದಿರುವುದಕ್ಕೂ ಹಿಂದಿರುವುದಕ್ಕೂ ಒಂದೇ ಹೆಸರು. ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ಇದೊಂದು ಭಾಷೆಯ ಬಡತನವೆಂದು ನಗುತ್ತಾರೆ. ನನಗೇನೋ ಇದರಲ್ಲಿ ಒಂದು ವಿವೇಕವೇ ಅಡಗಿರುವಂತೆ ತೋರುತ್ತದೆ. ಹಾಗೆ ತೋರುವಂತೆ ಮಾಡಿದುದು ಯಾವ ನಿಘಂಟೂ ಅಲ್ಲ, ಒಂದು ಮರದ ವಿಮಾನ.

ನಮ್ಮ ಹಿಂದಿನ ಬೀದಿಯಲ್ಲಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಂಬತ್ತನ್ನು ದಾಟಿದೆ. ಬೀದಿಯವರಿಗೆಲ್ಲ ಅವರು ‘ರಾಯರು’. ಅವರಿಗೆ ನಾನು ‘ಮೇಷ್ಟ್ರು’. ಫಿಟ್ಟರಾಗಿ ಸೇರಿ ಫೋರ್‌ಮನ್ನರಾಗಿ ಹೊರಬಂದವರು. ಕೆಲವು ತಿಂಗಳುಗಳಿಂದ ಅವರು, ಚನ್ನಪಟ್ಟಣದ ಬೊಂಬೆಗಳನ್ನು ಮಾಡುತ್ತಾರಲ್ಲ ಆ ಆಲೆ ಮರದ ತುಂಡೊಂದನ್ನು ಹಿಡಿದು, ಒಂದು ಯುದ್ಧವಿಮಾನವನ್ನು ಕೆತ್ತುತ್ತಿದ್ದಾರೆ. ಅದರ ಹೆಸರು ಎಚ್.ಎಫ್. ೨೪, ‘ಮರುತ್’. ಅದರಲ್ಲಿಯೂ ಸಾಲುಸಾಲಾಗಿ ತಯಾರಾಗಿ ವಾಯುಪಡೆಗೆ ಹೋದ ಮರುತ್ ಅಲ್ಲ; ಮೊಟ್ಟಮೊದಲನೆಯದು, ಬಿ.ಆರ್. ೪೬೧ ಎಂಬ ಸಂಖ್ಯೆಯನ್ನು ಹೊತ್ತ ಮೂಲಮಾದರಿ. ಪ್ರಮಾಣ ಎಪ್ಪತ್ತೆರಡರಲ್ಲಿ ಒಂದು ಪಾಲು. ಹದಿನಾರು ಮೀಟರಿಗೆ ತುಸು ಕಡಿಮೆ ಉದ್ದವಿದ್ದ ವಿಮಾನ ಇಪ್ಪತ್ತೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ೯ ಮೀಟರ್ ಹರವಿನ ರೆಕ್ಕೆಗಳು ಒಂದು ಗೇಣನ್ನೂ ತುಂಬವು.

ಈ ವಿಮಾನದ ಕಥೆಯನ್ನು ಬೆಂಗಳೂರಿನವರೇ ಮರೆತಂತಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಫೋಕೆ-ವುಲ್ಫ್ ೧೯೦ ಎಂಬ ಹೆಸರಾಂತ ವಿಮಾನವನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಎಂಬಾತ, ಯುದ್ಧ ಸೋತ ಮೇಲೆ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿ ‘ಪುಲ್ಕಿ ೨’ ಎಂಬ ಜೆಟ್ ವಿಮಾನವನ್ನು ಮಾಡಿ, ಅದು ಮೂಲಮಾದರಿಗಳನ್ನು ದಾಟಿ ಮುಂದಕ್ಕೆ ಹೋಗದೆ ನಿಂತಾಗ, ೧೯೫೬ರಲ್ಲಿ ನಮ್ಮೂರಿಗೆ ಬಂದ. ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಆತನೂ ನಮ್ಮ ಎಂಜಿನಿಯರುಗಳೂ ಕೂಡಿ ರೂಪಿಸಿದ ಮರುತನ್ನು ೧೯೬೧ನೆಯ ಜೂನ್ ೧೭ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮೊದಲ ಬಾರಿಗೆ ಹಾರಿಸಿದರು. ಈ ದೇಶದಲ್ಲಿಯೇ ರೂಪಿಸಿ ಈ ದೇಶದಲ್ಲಿಯೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು.

ಆದರೆ ಅದಕ್ಕೂ ಎರಡು ವರ್ಷ ಮುಂಚೆ, ೧೯೫೯ರಲ್ಲಿ, ಅದೇ ಆಕಾರದ, ಅಷ್ಟೇ ದೊಡ್ಡದಾದ ಇನ್ನೊಂದು ಹಾರಿತ್ತು. ಅದು ಮರದ್ದು. ಎಂಜಿನ್ ಇಲ್ಲದ ಗ್ಲೈಡರ್. ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲಕ್ಕೆ ಹೋಗಿ ಬಿಟ್ಟುಬಿಡುತ್ತಿತ್ತು. ಅದು ಗಾಳಿಯಲ್ಲಿ ತೇಲಿಕೊಂಡು ಇಳಿಯುತ್ತಿತ್ತು. ರೆಕ್ಕೆ ಹೇಗೆ ನಡೆದುಕೊಳ್ಳುತ್ತದೆ, ಇಳಿಯುವಾಗ ಮೂತಿ ಎತ್ತ ಹೊರಳುತ್ತದೆ ಎಂಬುದನ್ನು ಲೋಹದ ವಿಮಾನ ಹುಟ್ಟುವ ಮೊದಲೇ ತಿಳಿಯುವ ಏರ್ಪಾಡು. ಗ್ರೀಕರ ಪ್ಲೇಟೋ, ದೇವರು ಮಾಡಿದ ಮಂಚ, ಬಡಗಿ ಮಾಡಿದ ಮಂಚ, ಚಿತ್ರಗಾರ ಬರೆದ ಮಂಚ ಎಂದು ಮೂರು ಮೆಟ್ಟಿಲುಗಳನ್ನು ಮಾಡಿ ಚಿತ್ರಗಾರನನ್ನು ಸತ್ಯಕ್ಕೆ ಎಲ್ಲರಿಗಿಂತ ದೂರದಲ್ಲಿ ಕೂರಿಸಿದ. ಆ ಮಹಾನುಭಾವ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬಂದಿದ್ದರೆ ಏನೆನ್ನುತ್ತಿದ್ದನೋ! ಇಲ್ಲಿ ಅಸಲಿಗಿಂತ ಮೊದಲು ಪ್ರತಿಕೃತಿ ಬಂದಿದೆ. ಅಸಲು ಅದನ್ನು ನೋಡಿ ತಿದ್ದಿಕೊಂಡಿದೆ. ಮರದಿಂದ ಹೊರಟ ಮರುತ್ ರಾಯರ ಉಳಿಯ ಬಾಯಿಯಲ್ಲಿ ಮತ್ತೆ ಮರಕ್ಕೆ ಬಂದಿದೆ.

ಕೆತ್ತನೆಯಲ್ಲಿ ಅವರನ್ನು ಬಹಳ ಕಾಡಿದುದು ಅದರ ನಡು. ವಿಮಾನ ಧ್ವನಿಯ ವೇಗವನ್ನು ಸಮೀಪಿಸಿದಾಗ ಗಾಳಿ ಒಮ್ಮೆಗೇ ಗೋಡೆಯಂತೆ ಎದುರು ನಿಲ್ಲುತ್ತದೆಯಂತೆ. ಅದನ್ನು ಕಡಮೆ ಮಾಡಲು, ರೆಕ್ಕೆ ಎಲ್ಲಿ ಒಡಲಿಗೆ ಸೇರುತ್ತದೆಯೋ ಅಲ್ಲಿ ಒಡಲನ್ನು ಸಣ್ಣಗೆ ಮಾಡುತ್ತಾರೆ. ರೆಕ್ಕೆಯೂ ಒಡಲೂ ಕೂಡಿ ಆಗುವ ಒಟ್ಟು ಗಾತ್ರ ಎಲ್ಲಿಯೂ ಹಠಾತ್ತನೆ ಉಬ್ಬಬಾರದು, ಹಠಾತ್ತನೆ ಕುಗ್ಗಬಾರದು. ಹೀಗಾಗಿ ಮರುತ್‌ಗೆ ಬೇಲೂರಿನ ಮದನಿಕೆಯ ಸೊಂಟ. ರಾಯರು ರಟ್ಟಿನಲ್ಲಿ ಅಚ್ಚುಗಳನ್ನು ಕತ್ತರಿಸಿಕೊಂಡು, ಒಂದೊಂದು ಬೆರಳಿನ ಅಂತರದಲ್ಲಿ ಅವನ್ನು ಮರಕ್ಕೆ ಆನಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಸಂದು ಕಾಣುತ್ತದೆ ಎಂದು ನೋಡುತ್ತಾರೆ. ಒಂದು ಸಂಜೆ ಪೂರ್ತಿ ಉಪ್ಪುಕಾಗದ ಉಜ್ಜಿದರೆ ಕೂದಲೆಳೆಯಷ್ಟು ಮರ ಹೋಗುತ್ತದೆ.

ಎಲ್ಲ ಅಳತೆಗಳನ್ನೂ ಎಪ್ಪತ್ತೆರಡರಿಂದ ಭಾಗಿಸಿದರೆ ಮುಗಿಯಿತಲ್ಲ, ಇದರಲ್ಲಿ ವಿಚಾರ ಮಾಡುವುದೇನಿದೆ ಎಂದು ವಾಚಕರು ಕೇಳಬಹುದು. ಭಾಗಿಸಿ ನೋಡೋಣ. ವಿಮಾನದ ಮೈಮೇಲಿನ ರಿವೆಟ್ಟಿನ ತಲೆ ನಾಲ್ಕು ಮಿಲಿಮೀಟರ್ ಎಂದಿಟ್ಟುಕೊಂಡರೆ, ಪ್ರತಿಕೃತಿಯಲ್ಲಿ ಅದು ಒಂದು ಮಿಲಿಮೀಟರಿನ ಹದಿನೆಂಟನೆಯ ಒಂದು ಪಾಲು, ತಲೆಗೂದಲಿಗಿಂತ ಸಪುರ. ಎರಡು ತಗಡುಗಳ ನಡುವಣ ಒಂದು ಮಿಲಿಮೀಟರಿನ ಗೆರೆ ಕಣ್ಣಿಗೇ ಬೀಳದು. ಗೆರೆ ಕಾಣಬೇಕಾದರೆ ಅದನ್ನು ಇರಬೇಕಾದುದಕ್ಕಿಂತ ಹತ್ತುಪಟ್ಟು ಅಗಲ ಕೊರೆಯಬೇಕು; ಇದ್ದಷ್ಟೇ ಕೊರೆಯುತ್ತೇನೆ ಎಂಬ ಸತ್ಯವ್ರತ ಹಿಡಿದರೆ ಗೆರೆಯೇ ಇಲ್ಲ. ತೂಕವಂತೂ ಕೇಳಲೇಬಾರದು. ಉದ್ದ, ಅಗಲ, ಎತ್ತರ ಮೂರೂ ಎಪ್ಪತ್ತೆರಡರ ಪಾಲಾದಾಗ ಗಾತ್ರ ೩,೭೩,೨೪೮ರಲ್ಲಿ ಒಂದು ಪಾಲಾಗುತ್ತದೆ. ಬರಿಯ ವಿಮಾನದ ತೂಕ ಸುಮಾರು ೬,೨೦೦ ಕಿಲೋಗ್ರಾಂ. ಆ ಲೆಕ್ಕಕ್ಕೆ ರಾಯರ ಮರುತ್ ಹದಿನೇಳು ಗ್ರಾಂ ತೂಗಬೇಕು. ನಾಲ್ಕು ಚಮಚ ಸಕ್ಕರೆಯಷ್ಟು. ಗಟ್ಟಿ ಆಲೆ ಮರದಿಂದ ಮಾಡಿದರೆ ಅದು ಸಾಧ್ಯವಿಲ್ಲ. ಉದ್ದಕ್ಕೆ ನಿಷ್ಠನಾದವನು ತೂಕಕ್ಕೆ ದ್ರೋಹಿಯಾಗಲೇಬೇಕು.

ಬಣ್ಣದಲ್ಲಿ ಈ ಕಷ್ಟ ಇನ್ನೂ ಸೂಕ್ಷ್ಮ. ನಿಜವಾದ ವಿಮಾನಕ್ಕೆ ಬಳಿಯುವ ಬಣ್ಣವನ್ನೇ ಡಬ್ಬಿಯಿಂದ ತೆಗೆದು ಪ್ರತಿಕೃತಿಗೆ ಬಳಿದರೆ ಅದು ಸುಳ್ಳು ಹೇಳುತ್ತದೆ. ತೀರ ಗಾಢವಾಗಿ ಕಾಣುತ್ತದೆ. ಕಾರಣವಿಷ್ಟೆ: ಒಂದು ಅಡಿ ದೂರದಿಂದ ಇದನ್ನು ನೋಡುವುದೆಂದರೆ ಎಪ್ಪತ್ತೆರಡು ಅಡಿ ದೂರದಿಂದ ನಿಜವಾದುದನ್ನು ನೋಡಿದ ಹಾಗೆ. ಅಷ್ಟು ದೂರದ ಗಾಳಿಯೂ ಬೆಳಕೂ ಬಣ್ಣವನ್ನು ತುಸು ತೆಳುಮಾಡುತ್ತವೆ. ಆದುದರಿಂದ ಬಲ್ಲವರು ಒಂದೆರಡು ತೊಟ್ಟು ಬಿಳುಪನ್ನು ಬೆರೆಸುತ್ತಾರೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆಯೇ ಈ ಕಸುಬಿನ ಸೂತ್ರ. ಗಾದೆಯನ್ನು ನಾವು ಎಚ್ಚರಿಕೆಗೆಂದು ಹೇಳುತ್ತೇವೆ. ರಾಯರು ಅದನ್ನು ಅಳತೆಗೋಲಾಗಿ ಬಳಸುತ್ತಾರೆ. ಕಾಲದ ದೂರವೂ ಇದೆ. ಅವರ ಮೇಜಿನ ಮೇಲಿರುವ ಹಳೆಯ ಚಿತ್ರಗಳೆಲ್ಲ ಕಪ್ಪು-ಬಿಳುಪು. ವಾಯುಪಡೆಯ ಚಕ್ರದಲ್ಲಿ ಒಳಗೆ ಹಸಿರು, ನಡುವೆ ಬಿಳಿ, ಹೊರಗೆ ಕೇಸರಿ. ಚಿತ್ರದಲ್ಲಿ ಹಸಿರೂ ಬೂದಿ, ಕೇಸರಿಯೂ ಬೂದಿ. ಚಕ್ರದ ಬಣ್ಣ ನಮಗೆ ಮೊದಲೇ ಗೊತ್ತಿರುವುದರಿಂದ ಅದು ಚಿತ್ರದಲ್ಲಿ ಕಾಣುತ್ತಿದೆಯೆಂದು ಭ್ರಮಿಸುತ್ತೇವೆ.

ಇಂಥ ಮಾತು ಬಂದಾಗ ಅಲಂಕಾರಶಾಸ್ತ್ರ ಓದಿದವನಿಗೆ ಶ್ರೀಶಂಕುಕನ ನೆನಪಾಗದಿರದು. ಅವನ ಗ್ರಂಥ ನಮಗೆ ದೊರೆತಿಲ್ಲ. ಅಭಿನವಗುಪ್ತ ಎತ್ತಿ ಹೇಳಿ ಖಂಡಿಸಿದ್ದರಿಂದ ಅವನ ಮಾತು ಉಳಿದಿದೆ. ಗೋಡೆಯ ಮೇಲಿನ ಕುದುರೆಯ ಚಿತ್ರವನ್ನು ನೋಡಿ ನಾವು ‘ಇದು ಕುದುರೆ’ ಎನ್ನುತ್ತೇವೆ. ಇದು ನಿಜವಾದ ಕುದುರೆಯೆಂಬ ಜ್ಞಾನವಲ್ಲ, ಕುದುರೆಯಲ್ಲದುದನ್ನು ಕುದುರೆಯೆಂದು ಮೋಸಹೋದದ್ದಲ್ಲ, ಹೌದೋ ಅಲ್ಲವೋ ಎಂಬ ಸಂಶಯವಲ್ಲ, ಕುದುರೆಯ ಹಾಗಿದೆ ಎಂಬ ಹೋಲಿಕೆಯೂ ಅಲ್ಲ. ಇವು ನಾಲ್ಕಕ್ಕೂ ಬೇರೆಯಾದ ಒಂದು ಅರಿವು. ರಂಗದ ಮೇಲೆ ನಟನನ್ನು ನೋಡಿ ‘ಇವನು ರಾಮ’ ಎನ್ನುವುದೂ ಹಾಗೆಯೇ ಎಂದು ಅವನ ವಾದ. ಅಭಿನವಗುಪ್ತನ ಗುರು ಭಟ್ಟತೌತ ಇದಕ್ಕೆ ಬಲವಾದ ಒಂದು ಪ್ರಶ್ನೆ ಹಾಕಿದ: ಅನುಕರಣ ಎನ್ನಬೇಕಾದರೆ ಮೂಲವನ್ನು ಕಂಡಿರಬೇಕಷ್ಟೆ; ರಾಮನನ್ನು ಕಂಡವರು ಯಾರು? ಈ ಪ್ರಶ್ನೆ ರಾಯರಿಗೂ ತಗಲುತ್ತದೆ. ಅವರು ಕಾರ್ಖಾನೆಗೆ ಸೇರಿದುದು ೧೯೬೩ರಲ್ಲಿ. ಆಮೇಲೆ ಎಷ್ಟೋ ಮರುತ್‌ಗಳ ಮೈಗೆ ಅವರ ಕೈ ತಗಲಿದೆ. ಆದರೆ ೧೯೬೧ರ ಆ ಜೂನ್ ದಿನದ ವಿಮಾನವನ್ನು, ಆ ದಿನ ಇದ್ದ ಹಾಗೆ, ಅವರು ಕಂಡಿಲ್ಲ. ಕಂಡುದನ್ನೆಲ್ಲ ಬಿಟ್ಟು ಕಾಣದ ಒಂದನ್ನೇ ಏಕೆ ಆರಿಸಿದಿರಿ ಎಂದು ಕೇಳಿದೆ. “ಅವತ್ತು ಬೆಳಿಗ್ಗೆ ಅದಕ್ಕೆ ಇನ್ನೂ ಏನೂ ಆಗಿರಲಿಲ್ಲವಲ್ಲ ಮೇಷ್ಟ್ರೇ” ಎಂದರು.

ಈ ಉತ್ತರವೇ ನನ್ನನ್ನು ಬಹಳ ದಿನ ಕೊರೆದದ್ದು. ಮೂಲಮಾದರಿ ಎಂಬುದರ ಧರ್ಮವೇನು? ದೋಷಗಳನ್ನು ತೋರಿಸುವುದು. ಅದನ್ನು ಕಟ್ಟುವುದೇ ಎಲ್ಲಿ ನಡುಗುತ್ತದೆ, ಎಲ್ಲಿ ಕಾಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಮೊದಲು ಅದರಲ್ಲಿ ಕಂಡುಕೊಂಡು, ಹಿಂದೆ ಬರುವವುಗಳಲ್ಲಿ ತಿದ್ದಿಕೊಳ್ಳುವುದಕ್ಕಾಗಿ. ದೋಷವನ್ನು ತೋರದ ಮೂಲಮಾದರಿ ತನ್ನ ಕೆಲಸವನ್ನೇ ಮಾಡಲಿಲ್ಲವೆಂದು ಅರ್ಥ. ರಾಯರ ಪ್ರತಿಕೃತಿಯ ಧರ್ಮ ಇದಕ್ಕೆ ತೀರ ವಿರುದ್ಧ. ಒಂದು ದೋಷವೂ ಯಾರ ಕಣ್ಣಿಗೂ ಬೀಳಬಾರದು. ರೆಕ್ಕೆ ಸೇರುವ ಸಂದಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಮತ್ತೆ ಮೆತ್ತಿ, ಉಗುರು ಹಾಯಿಸಿದರೂ ಸಂದಿ ತಿಳಿಯದಂತೆ ಮಾಡುತ್ತಾರೆ. ತಪ್ಪು ಕಾಣಲೆಂದೇ ಹುಟ್ಟಿದ ವಸ್ತುವಿಗೆ ತಪ್ಪೇ ಕಾಣದ ಪ್ರತಿಕೃತಿ. ಇದು ನಿಷ್ಠೆಯೋ, ಮುಖಸ್ತುತಿಯೋ?

ಒಂದು ಭಾನುವಾರ ಇದನ್ನು ಅವರ ಮುಂದೆಯೇ ಎತ್ತಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅದರ ತಪ್ಪು ಅದರದು ಮೇಷ್ಟ್ರೇ. ಈ ಸಂದಿ ಬಿಟ್ಟಿರೋದು ನನ್ನ ಉಳಿ ತಪ್ಪಿದ್ದರಿಂದ. ನನ್ನ ತಪ್ಪನ್ನ ತಗೊಂಡು ಅದರ ತಲೆಗೆ ಕಟ್ಟೋದೆ?” ಎಂದರು.

ಗ್ರಂಥಸಂಪಾದನೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಚೆನ್ನಾದ ಸೂತ್ರ ಸಿಕ್ಕಲಾರದು. ಓಲೆಗರಿಯಲ್ಲಿ ಲಿಪಿಕಾರನ ಕೈತಪ್ಪುಗಳಿರುತ್ತವೆ. ಅಕ್ಷರ ಬಿಟ್ಟಿರುತ್ತಾನೆ, ಒಂದೇ ಸಾಲನ್ನು ಎರಡು ಸಲ ಬರೆದಿರುತ್ತಾನೆ. ಅವನ್ನು ತಿದ್ದುವುದು ಸಂಪಾದಕನ ಕರ್ತವ್ಯ. ಆದರೆ ಕವಿಯೇ ಎಡವಿದ್ದರೆ, ಛಂದಸ್ಸು ಅವನ ಕೈಯಲ್ಲಿಯೇ ಕುಂಟಿದ್ದರೆ, ಅದನ್ನು ಮುಟ್ಟುವ ಅಧಿಕಾರ ಯಾವ ಸಂಪಾದಕನಿಗೂ ಇಲ್ಲ. ಲಿಪಿಕಾರನ ತಪ್ಪನ್ನು ಕವಿಗೆ ಕಟ್ಟಬಾರದು. ಕವಿಯ ತಪ್ಪನ್ನು ಲಿಪಿಕಾರನಿಗೆ ಹೊರಿಸಿ ಮುಚ್ಚಲೂ ಬಾರದು. ನಮ್ಮಲ್ಲಿ ಎರಡನೆಯದೇ ಹೆಚ್ಚು. ದೊಡ್ಡ ಕವಿ ಹೀಗೆ ಬರೆದಿರಲಾರನೆಂದು ನಾವೇ ನಿರ್ಧರಿಸಿ, ಒಳ್ಳೆಯ ಪಾಠವೊಂದನ್ನು ಊಹಿಸಿ, ಅವನ ಬಾಯಿಗೆ ತುರುಕಿದ ಉದಾಹರಣೆಗಳು ಬೇಕಷ್ಟಿವೆ.

ಹಾಗಾದರೆ ಮರುತ್‌ನ ಸ್ವಂತ ತಪ್ಪು, ಕವಿಯ ತಪ್ಪು ಎನ್ನೋಣ, ಯಾವುದು? ಅದು ಮೈಯಲ್ಲಿರಲಿಲ್ಲ. ಮೈ ಸುಂದರವಾಗಿತ್ತು, ಧ್ವನಿಗಿಂತ ಎರಡುಪಟ್ಟು ವೇಗದಲ್ಲಿ ಹೋಗಬೇಕೆಂದು ಬಿಡಿಸಿದ ಮೈ ಅದು. ಅದಕ್ಕೆ ಒಪ್ಪುವ ಎಂಜಿನ್ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಾಗಿದ್ದ ಬಲವಾದ ಆರ್ಫಿಯಸ್ ಎಂಜಿನ್ನಿನ ಯೋಜನೆ ಹಣವಿಲ್ಲದೆ ನಿಂತುಹೋಯಿತು. ಅದಕ್ಕಿಂತ ಸಣ್ಣದಾದ ಆರ್ಫಿಯಸ್ ೭೦೩ ಎಂಬ ಎಂಜಿನ್ನುಗಳನ್ನೇ ಎರಡು ಕೂರಿಸಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ ಒಂದನ್ನು ಒಂದು ಮರುತ್‌ನಲ್ಲಿಟ್ಟು ಪರೀಕ್ಷಿಸಿದುದೂ ಉಂಟು, ಅದೂ ಮುಂದುವರಿಯಲಿಲ್ಲ. ಕೊನೆಗೆ ಎರಡುಪಟ್ಟಿನ ಮಾತು ಹಾಗಿರಲಿ, ಧ್ವನಿವೇಗವನ್ನು ಮುಟ್ಟುವುದೇ ಪ್ರಯಾಸವಾಯಿತು. ಆದರೂ ೧೪೭ ಮರುತ್‌ಗಳನ್ನು ಕಟ್ಟಿದರು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ದುಡಿದವು. ೧೯೯೦ರ ಹೊತ್ತಿಗೆ ಸೇವೆಯಿಂದ ಸರಿದವು. ರಾಯರ ಕೈಯಲ್ಲಿ ಇರುವ ಆಲೆ ಮರಕ್ಕಾದರೋ ಎಂಜಿನ್ನೇ ಇಲ್ಲ. ಮೈಯನ್ನು ಮಾತ್ರ ನಕಲು ಮಾಡುವವನು ಮಾತುಕೊಟ್ಟುದನ್ನು ನಕಲು ಮಾಡುತ್ತಾನೆ, ಮಾತು ಮುರಿದುದನ್ನು ಬಿಡುತ್ತಾನೆ. ಅವನು ಬೇಕೆಂದೇ ಬಿಟ್ಟದ್ದಲ್ಲ. ಅವನ ಕಸುಬೇ ಹಾಗೆ. ಮೈಯಲ್ಲಿ ಮೋಸವಿಲ್ಲದೆಯೂ ಒಟ್ಟಿನಲ್ಲಿ ಮೋಸವಾಗಬಹುದಲ್ಲ ಎಂಬುದೇ ನನ್ನ ತಕರಾರು.

ಇದು ಬರಿಯ ವೇಗದ ವಿಷಯವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಎಂಜಿನ್ನಿನ ಬಾಲದಲ್ಲಿ ಮತ್ತೊಮ್ಮೆ ಇಂಧನವನ್ನು ಉರಿಸಿ ಬಲವನ್ನು ಹೆಚ್ಚಿಸುವ ಏರ್ಪಾಡೊಂದನ್ನು ಮರುತ್‌ಗೆ ಅಳವಡಿಸಿದರು. ಹಾಗೆ ಅಳವಡಿಸಿದ ವಿಮಾನವನ್ನು ಪರೀಕ್ಷಿಸುವಾಗ, ೧೯೭೦ನೆಯ ಜನವರಿ ೧೦ರಂದು, ಇದೇ ಬೆಂಗಳೂರಿನಲ್ಲಿ, ಅದು ಬಿದ್ದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಮೊದಲನೆಯದನ್ನು ಮೊದಲು ಹಾರಿಸಿದವರು ಅವರೇ. ಹಳೆಯ ವಿಮಾನ ನಿಲ್ದಾಣದ ರಸ್ತೆಯಿಂದ ಹಳೆಯ ಮದರಾಸು ರಸ್ತೆಗೆ ಹೋಗುವ ದಾರಿಗೆ ಅವರ ಹೆಸರಿದೆ. ದಿನವೂ ಸಾವಿರಾರು ಜನ ಆ ಹೆಸರನ್ನು ಆಟೋದವನಿಗೆ ಹೇಳುತ್ತಾರೆ. ಯಾರ ಹೆಸರೆಂದು ಕೇಳಿದರೆ ಯಾರೋ ಬಂಗಾಳದ ದೇಶಭಕ್ತರಿರಬೇಕು ಎಂಬ ಉತ್ತರ ನನಗೇ ಬಂದದ್ದುಂಟು. ಮೂಲಮಾದರಿ ದೋಷಗಳನ್ನು ತೋರಿಸುತ್ತದೆ ಎಂದು ನಾನು ಮೇಲೆ ಸಲೀಸಾಗಿ ಬರೆದೆ. ಅದು ತೋರಿಸುವುದು ಒಳಗೆ ಕುಳಿತವನಿಗೆ. ಉಳಿದವರಿಗೆ ವರದಿ ಬರುತ್ತದೆ.

ಈಗ ‘ಆ ಬೆಳಿಗ್ಗೆ ಅದಕ್ಕೆ ಇನ್ನೂ ಏನೂ ಆಗಿರಲಿಲ್ಲ’ ಎಂಬ ಮಾತನ್ನು ಇನ್ನೊಮ್ಮೆ ನೋಡಬೇಕು. ಮುಂದೆ ಆದುದೆಲ್ಲವನ್ನೂ ಬಲ್ಲವರೊಬ್ಬರು ಏನೂ ಆಗದ ಬೆಳಗನ್ನು ಆರಿಸಿಕೊಂಡಿದ್ದಾರೆ. ಇದನ್ನು ಪಲಾಯನವೆನ್ನಬೇಕೆ? ಮೊದಮೊದಲು ನನಗೆ ಹಾಗೆಯೇ ಅನ್ನಿಸಿತ್ತು. ಕಾಲದ ಬೆಟ್ಟವೂ ದೂರದಿಂದ ನುಣ್ಣಗೆ ಕಾಣುತ್ತಿದೆ, ರಾಯರು ಅದರ ನುಣುಪನ್ನೇ ಉಜ್ಜುತ್ತಿದ್ದಾರೆ ಎಂದು. ಆದರೆ ಎಲ್ಲ ಪ್ರತಿಕೃತಿಯೂ ಒಂದು ಗಳಿಗೆಯದೇ ಆಗಬೇಕಲ್ಲ. ವಿಮಾನ ದಿನದಿನಕ್ಕೆ ಬದಲಾಗುತ್ತದೆ, ಮೂಲಮಾದರಿಯಂತೂ ವಾರವಾರಕ್ಕೆ. ಒಂದು ತಗಡು ತೆಗೆಯುತ್ತಾರೆ, ಒಂದು ಅಳತೆಯ ಕೊಳವೆ ಸೇರಿಸುತ್ತಾರೆ. ‘ಮರುತ್’ ಎಂಬುದನ್ನು ಯಾರೂ ಕೆತ್ತಲಾರರು; ಇಂಥ ದಿನದ ಇಂಥ ಮರುತ್ ಒಂದನ್ನು ಮಾತ್ರ ಕೆತ್ತಬಹುದು. ಮನುಷ್ಯರ ವಿಷಯದಲ್ಲಿಯೂ ನಾವು ಸತ್ತವರ ಯಾವುದೋ ಒಂದು ವಯಸ್ಸಿನ ಪಟವನ್ನೇ ಗೋಡೆಗೆ ಹಾಕುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಒಂದರ ಆಯ್ಕೆಗೆ ನಾವು ಜವಾಬ್ದಾರರು. ‘ಇದ್ದದ್ದೇ ಹೀಗೆ’ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಕೊಲ್ಲುವ ಯಂತ್ರವನ್ನು ಇಷ್ಟು ಮುದ್ದಾಗಿ ಮಾಡಿ ಮನೆಯಲ್ಲಿಡುವುದು ಸರಿಯೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ಹಗುರವಾದುದಲ್ಲ, ಆದರೆ ಬಿಲ್ಲು ಹಿಡಿದ ರಾಮನನ್ನೂ ತ್ರಿಶೂಲ ಹಿಡಿದ ದೇವಿಯನ್ನೂ ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ಕೂರಿಸಿ ಸಕ್ಕರೆ ಮಿಠಾಯಿ ಹಂಚುವ ನಾವು ಅದನ್ನು ಈ ಒಬ್ಬ ಮುದುಕರ ಮೇಜಿನಿಂದಲೇ ಆರಂಭಿಸಬೇಕಾಗಿಲ್ಲ. ಈ ಮರದ ತುಂಡಿನ ಮಟ್ಟಿಗೆ ನನ್ನನ್ನು ಹೆಚ್ಚು ಕಾಡುವುದು ಅದು ಕೊಂದ ಶತ್ರುಗಳಲ್ಲ, ಅದನ್ನು ನಂಬಿ ಕುಳಿತವರು.

ಆ ಪ್ರಶ್ನೆ ಈಗ ಬಹಳ ಸಣ್ಣ ಜಾಗಕ್ಕೆ ಬಂದು ನಿಂತಿದೆ. ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ರಾಯರು ಕಳೆದ ವಾರ ಮಾಡಿದರು. ಪ್ಲಾಸ್ಟಿಕ್ ಹಾಳೆಯನ್ನು ಒಲೆಯ ಮೇಲೆ ಕಾಯಿಸಿ, ಮೆತ್ತಗಾದಾಗ ಮರದ ಅಚ್ಚಿನ ಮೇಲೆ ಎಳೆದರು. ಮೂರು ಸಲ ಸುಕ್ಕುಬಿತ್ತು. ನಾಲ್ಕನೆಯದು ನೀರಿನ ಹನಿಯಂತೆ ಬಂತು. ವಿಮಾನವನ್ನು ಹಾರುತ್ತಿರುವಂತೆ ನಿಲ್ಲಿಸಬೇಕಾದರೆ ಗಾಲಿಗಳನ್ನು ಮಡಿಸಿ, ಮುಚ್ಚಳ ಮುಚ್ಚಿ, ಒಳಗೆ ಒಬ್ಬನನ್ನು ಕೂರಿಸಬೇಕು. ಎಪ್ಪತ್ತೆರಡರ ಪಾಲಿನಲ್ಲಿ ಮನುಷ್ಯನ ತಲೆ ಮೂರು ಮಿಲಿಮೀಟರ್, ಒಂದು ರಾಗಿ ಕಾಳಿಗಿಂತ ತುಸು ದೊಡ್ಡದು. ಅದಕ್ಕೂ ಒಂದು ಮುಖ ಬೇಕು. ಮೊಮ್ಮಗ ಬೇರೆ ಯಾವುದೋ ವಿಮಾನದ ಪೆಟ್ಟಿಗೆಯಿಂದ ಒಬ್ಬ ಚಾಲಕನನ್ನು ತಂದುಕೊಟ್ಟ. “ತಾತ, ಇವನನ್ನೇ ಕೂರಿಸಿಬಿಡಿ, ಯಾರಿಗೆ ಗೊತ್ತಾಗತ್ತೆ?” ಎಂದ. ರಾಯರು ಆ ಬೊಂಬೆಯನ್ನು ಕನ್ನಡಕ ಏರಿಸಿಕೊಂ‍ಡು ನೋಡಿ ಹಿಂದಕ್ಕೆ ಕೊಟ್ಟರು. ರೆಕ್ಕೆಗೆ ತಿಂಗಳು ಕೊಟ್ಟವರು ಈ ರಾಗಿ ಕಾಳನ್ನು ಕೆತ್ತಲು ಒಪ್ಪಲಿಲ್ಲ.

ಆದುದರಿಂದ ವಿಮಾನ ನೆಲದ ಮೇಲೆ, ಗಾಲಿಗಳ ಮೇಲೆ ನಿಲ್ಲುತ್ತದೆ. ಮುಚ್ಚಳ ತೆರೆದಿರುತ್ತದೆ, ಆಸನ ಖಾಲಿ. ಪಕ್ಕಕ್ಕೆ ಒಂದು ಏಣಿ. “ಇದು ಹತ್ತುವ ಮುಂಚೆಯೋ, ಇಳಿದ ಮೇಲೋ?” ಎಂದು ಕೇಳಿದೆ. “ಏಣಿ ನೋಡಿ ಹೇಳೋಕಾಗಲ್ಲ ಮೇಷ್ಟ್ರೇ” ಎಂದು ಅವರು ತಂತಿ ಹುಡುಕತೊಡಗಿದರು. ಏಣಿ ಇನ್ನೂ ಆಗಿಲ್ಲ. ತಾಮ್ರದ ತಂತಿಯದು, ಮೆಟ್ಟಿಲಿಗೂ ಮೆಟ್ಟಿಲಿಗೂ ನಾಲ್ಕೇ ಮಿಲಿಮೀಟರ್. ಮನೆಯಲ್ಲಿರುವ ಸೋಲ್ಡರಿಂಗ್ ಕಡ್ಡಿಯ ತುದಿ ತೀರ ದಪ್ಪವೆಂದು, ಸಣ್ಣದೊಂದನ್ನು ತರಲು ಮೊನ್ನೆ ಬಸ್ಸು ಹಿಡಿದು ಎಸ್.ಪಿ. ರಸ್ತೆಗೆ ಹೋಗಿಬಂದರು.